ಎಡಗೈಯಿಂದ ಬಂದ ಚೆಂಡು

ಎಮಿಲ್ ಪೆಟ್ರುನಾಕ್‌ನನ್ನು ಮಣ್ಣು ಮಾಡಿ ಬಂದ ಮೇಲೆ ಇಗರ್ಜಿಯ ಕೆಳಗಿನ ಹಾಲ್‌ನಲ್ಲಿ ಊಟವಿತ್ತು. ಅವನ ಹೆಂಡತಿ ಐರೀನ್ ನನ್ನ ತೋಳು ಹಿಡಿದು, "ನೀವೇ ನಾಲ್ಕು ಮಾತಾಡ್ಬೇಕು ಮೇಷ್ಟ್ರೇ, ಅಷ್ಟೆಲ್ಲ ಓದಿದೀರಿ" ಅಂದಳು. ಎದ್ದು ನಿಂತೆ. "ಎಮಿಲ್ ಒಳ್ಳೆಯವನಾಗಿದ್ದ" ಅಂದೆ. ಅದಾದ ಮೇಲೆ ಬಾಯಿಂದ ಏನೂ ಬರಲಿಲ್ಲ. ಎದುರಿಗೆ ಎಲೆಕೋಸು ಹಾಕಿದ ಶಾವಿಗೆಯ ದೊಡ್ಡ ಪಾತ್ರೆ, ಅಕ್ರೋಟಿನ ಹೂರಣ ಸುತ್ತಿದ ರೊಟ್ಟಿಯ ತಟ್ಟೆಗಳು, ಅವುಗಳ ಹಿಂದೆ ಊರಿನ ಮುಖಗಳು. ಕೂತುಬಿಟ್ಟೆ. ಯಾರೂ ತಪ್ಪು ತಿಳಿಯಲಿಲ್ಲ. ಅವತ್ತು ಗಂಟಲಲ್ಲಿ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಾವಿಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ ಆಗಿನ್ನೂ ಉಕ್ಕಿನ ಕಾರ್ಖಾನೆ ಉರಿಯುತ್ತಿತ್ತು; ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದಿಬಣ್ಣವಾಗುತ್ತಿತ್ತು. ಎಮಿಲ್ ಹುಟ್ಟಾ ಎಡಚ. ಇಗರ್ಜಿಯ ಶಾಲೆಯ ಕನ್ಯಾಸ್ತ್ರೀಯರು ಅದನ್ನು ಬಿಡಿಸಲು ಪಣ ತೊಟ್ಟಿದ್ದರು. ಅವನು ಎಡಗೈಯಲ್ಲಿ ಪೆನ್ಸಿಲ್ ಹಿಡಿದಾಗೆಲ್ಲ ಗೆಣ್ಣಿನ ಮೇಲೆ ಅಳತೆಪಟ್ಟಿ ಬೀಳುತ್ತಿತ್ತು. ಕೊನೆಗೆ ಬರೆಯುವುದು, ಉಣ್ಣುವುದು, ಶಿಲುಬೆಯ ಗುರುತು ಹಾಕಿಕೊಳ್ಳುವುದು ಎಲ್ಲವೂ ಬಲಗೈಗೆ ಬಂತು. ಕೆಲವು ವರ್ಷಗಳಲ್ಲಿ ಅವನು ಎಡಚ ಅನ್ನುವುದು ನಮಗೂ ಮರೆತುಹೋಯಿತು, ಅವನಿಗೂ ಮರೆತುಹೋಯಿತು. ಕನ್ಯಾಸ್ತ್ರೀಯರು ಕಾಲಿಡದ ಜಾಗ ಒಂದೇ, ಫುಟ್‌ಬಾಲ್ ಮೈದಾನ.

ಹೈಸ್ಕೂಲಿನಲ್ಲಿ ಎಮಿಲ್ ಸೆಂಟರ್ ಆಗಿದ್ದ. ನಮ್ಮ ಫುಟ್‌ಬಾಲ್ ಕೈಯಲ್ಲಿ ಆಡುವ ಆಟ. ಪ್ರತಿ ಸಲವೂ ಚೆಂಡನ್ನು ಮೊದಲು ಮುಟ್ಟುವವನು ಸೆಂಟರ್. ಅವನು ಬಗ್ಗಿ, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಹಿಂದೆ ಅಂಟಿಕೊಂಡು ನಿಂತ ಕ್ವಾರ್ಟರ್‌ಬ್ಯಾಕ್ ಅದನ್ನು ತೆಗೆದುಕೊಂಡು ಎಸೆಯುತ್ತಾನೆ, ಇಲ್ಲವೇ ಇನ್ನೊಬ್ಬನಿಗೆ ಕೊಡುತ್ತಾನೆ. ಅಲ್ಲಿಂದ ಮುಂದೆ ಊರಿನ ಕಣ್ಣೆಲ್ಲ ಕ್ವಾರ್ಟರ್‌ಬ್ಯಾಕ್‌ನ ಮೇಲೆ. ಸೆಂಟರ್ ಯಾರದೋ ಎದೆಗೆ ತಲೆಕೊಟ್ಟು ನೂಕುತ್ತಿರುತ್ತಾನೆ, ಚೆಂಡು ಎಲ್ಲಿಗೆ ಹೋಯಿತು ಅನ್ನುವುದು ಅವನಿಗೆ ಕಾಣುವುದು ಜನ ಕೂಗಿದ ಮೇಲೆ. ಎಮಿಲನ ಕಾಲದ ಕ್ವಾರ್ಟರ್‌ಬ್ಯಾಕ್ ಲೂ ಫ್ರಾಂಕೆಟಿ. ಲೂ ಒಂದು ಆಟವನ್ನೂ ತಪ್ಪಿಸಲಿಲ್ಲ, ಒಂದು ಸಲವೂ ಹೊರಗೆ ಕೂರಲಿಲ್ಲ. ಹಾಗಾಗಿ ಎಮಿಲ್ ತನ್ನ ಆಟದ ಕಾಲದುದ್ದಕ್ಕೂ ಚೆಂಡು ಕೊಟ್ಟದ್ದು ಆ ಒಬ್ಬನ ಕೈಗೇ.

"ನನ್ನ ಹಿಂಭಾಗಾನ ಲೂ ನೋಡಿದಷ್ಟು ಐರೀನ್ ಕೂಡ ನೋಡಿಲ್ಲ" ಅನ್ನುತ್ತಿದ್ದ ಎಮಿಲ್. ಐರೀನ್ ಪಾತ್ರೆ ಒರೆಸುವ ಬಟ್ಟೆಯಿಂದ ಅವನ ಬೆನ್ನಿಗೆ ಬಾರಿಸುತ್ತಿದ್ದಳು. "ಮೇಷ್ಟ್ರ ಮುಂದೆ ನಾಚಿಕೆ ಆಗಲ್ವಾ?"

ಕಾರ್ಖಾನೆ ಮುಚ್ಚಿದ ಮೇಲೆ ಎಮಿಲ್ ಶಾಲೆಯ ಬಸ್ ಓಡಿಸುವ ಕೆಲಸಕ್ಕೆ ಸೇರಿದ. ಮಧ್ಯಾಹ್ನ ಮಕ್ಕಳನ್ನು ಇಳಿಸಿ ಬಂದು ತಂಡದ ದಪ್ಪ ಹುಡುಗರಿಗೆ ನೂಕುವುದನ್ನು, ತಡೆಯುವುದನ್ನು ಕಲಿಸುತ್ತಿದ್ದ. ಚೆಂಡಿನ ವಿಷಯವೆಲ್ಲ ಮುಖ್ಯ ಕೋಚ್ ಹ್ಯಾಗನ್‌ನದು; ಎಮಿಲ್ ಅದಕ್ಕೆ ಕೈ ಹಾಕುತ್ತಿರಲಿಲ್ಲ. ನಾನು ಅದೇ ಶಾಲೆಯಲ್ಲಿ ಚರಿತ್ರೆಯ ಮೇಷ್ಟ್ರು. ಆಟದ ದಿನ ಮೈದಾನದ ಮೇಲಿನ ಮರದ ಗೂಡಿನಲ್ಲಿ ಕೂತು ಮೈಕಿನಲ್ಲಿ ಯಾರು ಎಸೆದರು, ಯಾರು ಹಿಡಿದರು ಎಂದು ಹೇಳುವುದೂ ನನ್ನ ಪಾಲಿಗೆ ಬಂದಿತ್ತು. ನಮ್ಮ ಮೈದಾನದ ದೀಪದ ಕಂಬಗಳು ಬಿರುಗಾಳಿಗೆ ಬಿದ್ದ ಮೇಲೆ ಮತ್ತೆ ಏಳಲಿಲ್ಲ. ಬೇರೆ ಊರಿನವರು ಶುಕ್ರವಾರ ರಾತ್ರಿ ಆಡಿದರೆ ನಾವು ಶನಿವಾರ ಮಧ್ಯಾಹ್ನ ಆಡುತ್ತಿದ್ದೆವು.

ಆಗ ಬಂದವನು ಡೇನ್ ಕೊವಾಲಿಕ್. ಅಂಥ ತೋಳನ್ನು ಕಣಿವೆಯಲ್ಲಿ ಯಾರೂ ನೋಡಿರಲಿಲ್ಲ. ಅವನು ಎಸೆದ ಚೆಂಡು ಶಿಳ್ಳೆ ಹಾಕಿಕೊಂಡು ಹೋಗುತ್ತಿತ್ತು. ಸೋಲುವುದನ್ನೇ ರೂಢಿ ಮಾಡಿಕೊಂಡಿದ್ದ ತಂಡ ಗೆಲ್ಲತೊಡಗಿತು. ಹ್ಯಾಗನ್ ಬೇರೆ ಆಟಗಳನ್ನೆಲ್ಲ ಬದಿಗಿಟ್ಟು ಡೇನ್ ಎಸೆಯುವುದೊಂದನ್ನೇ ಉಳಿಸಿಕೊಂಡ. ಅಭ್ಯಾಸದಲ್ಲಿ ಡೇನ್‌ಗೆ ಕೆಂಪಂಗಿ. ಕೆಂಪಂಗಿಯವನನ್ನು ಯಾರೂ ಮುಟ್ಟುವಂತಿರಲಿಲ್ಲ. ಭಾನುವಾರ ಇಗರ್ಜಿಯಿಂದ ಹೊರಗೆ ಬರುವಾಗ ಅಜ್ಜಿಯರು ಸಾಲಾಗಿ ನಿಂತು ಅವನ ಬಲತೋಳನ್ನು ತಟ್ಟಿ ಹೋಗುತ್ತಿದ್ದರು, ದೇವರ ಪಟ ಮುಟ್ಟಿದ ಹಾಗೆ. ಕ್ಷೌರದವನು ಅವನಿಗೆ ಕುರ್ಚಿ ಒರೆಸಿಡುತ್ತಿದ್ದ. ಚೆನ್ನಾಗಿ ಆಡುವ ಹುಡುಗರನ್ನು ಪುಕ್ಕಟೆ ಓದಿಸುವ ವಿಶ್ವವಿದ್ಯಾಲಯಗಳ ಜನ ಬಂದು ಬೇಲಿಯ ಹೊರಗೆ ನಿಂತು ನೋಡಿ ಹೋಗುತ್ತಿದ್ದರು. ಅವನ ಅಪ್ಪನಿಗೆ ಕೆಲಸವಿರಲಿಲ್ಲ. ಆ ತೋಳು ಡೇನ್‌ನನ್ನು ಓದಿಸುತ್ತದೆ, ಈ ಕಣಿವೆಯಿಂದ ದಾಟಿಸುತ್ತದೆ ಎಂದು ಮನೆಯವರು ನಂಬಿದ್ದರು. ಊರೂ ನಂಬಿತ್ತು.

ಎರಡನೆಯ ಕ್ವಾರ್ಟರ್‌ಬ್ಯಾಕ್ ಒಬ್ಬ ಇದ್ದ, ವೆಂಡೆಲ್ ಪ್ರೈಸ್. ತೆಳ್ಳಗೆ, ಮಾತು ಕಡಿಮೆ. "ನಿನ್ನ ಅಂಗಿ ನಿಮ್ಮಮ್ಮ ಒಗೆಯೋದೇ ಬೇಡ ಬಿಡೋ" ಎಂದು ಉಳಿದವರು ಅವನನ್ನು ರೇಗಿಸುತ್ತಿದ್ದರು. ಅವನು ಆಟಕ್ಕೆ ಇಳಿದದ್ದೇ ಇಲ್ಲ. ಅಭ್ಯಾಸದಲ್ಲೂ ತಂಡದ ಸೆಂಟರ್ ಬ್ರೂನೊ ಡೇನ್‌ಗೆ ಮಾತ್ರ ಚೆಂಡು ಕೊಡುತ್ತಿದ್ದ.

"ಸಂಜೆಗೆ ಇಷ್ಟೇ ಬೆಳಕು ಎಮಿಲ್" ಅನ್ನುತ್ತಿದ್ದ ಹ್ಯಾಗನ್. "ವೆಂಡೆಲ್‌ಗೆ ಕೊಟ್ಟ ಒಂದೊಂದು ಚೆಂಡೂ ಡೇನ್ ಕೈಯಿಂದ ಕಿತ್ಕೊಂಡಿದ್ದು."

ಡೇನ್ ಎಮಿಲನ ಬಸ್ಸಿನಲ್ಲೇ ಬರುತ್ತಿದ್ದ. ಅವನದು ಕೊನೆಯ ವರ್ಷ. ಆ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಎಮಿಲ್ ಗಮನಿಸಿದ: ಬಸ್ ಹತ್ತುವಾಗ ಯಾವಾಗಲೂ ಬಲಗೈಯಲ್ಲಿ ಕಂಬಿ ಹಿಡಿದು ಒಂದೇ ನೆಗೆತಕ್ಕೆ ಮೇಲೆ ಬರುತ್ತಿದ್ದವನು, ಪುಸ್ತಕದ ಚೀಲವನ್ನು ಕೊರಳಿಗೆ ಹಾಕಿಕೊಂಡು, ಮೈ ತಿರುಗಿಸಿ, ಎಡಗೈಯಲ್ಲಿ ಕಂಬಿ ಹಿಡಿದು ಮೆಲ್ಲಗೆ ಹತ್ತಿದ. ಮರುದಿನವೂ ಹಾಗೆಯೇ. ಆ ಭಾನುವಾರ ಅಜ್ಜಿಯೊಬ್ಬಳು ತೋಳು ತಟ್ಟಿದಾಗ ಹುಡುಗನ ತುಟಿ ಬಿಳಿಚಿಕೊಂಡದ್ದನ್ನೂ ನೋಡಿದ.

ಕೊನೆಯ ನಿಲ್ದಾಣದಲ್ಲಿ ಎಲ್ಲ ಇಳಿದ ಮೇಲೆ ಕೇಳಿದನಂತೆ. "ಎಷ್ಟು ದಿನದಿಂದ ನೋಯ್ತಿದೆಯೋ?"

"ಏನು ಸರ್?"

"ನಾನು ಬಸ್ ಓಡಿಸೋನು, ಕನ್ನಡೀಲಿ ಎಲ್ಲ ಕಾಣುತ್ತೆ."

ಡೇನ್ ಸೀಟಿನ ಬೆನ್ನಿಗೆ ಹಣೆ ಒತ್ತಿದ. "ಹೇಳ್ಬೇಡಿ ಸರ್. ಹೇಳಿದ್ರೆ ನಾನು ಇಲ್ಲ ಅಂದ್ಬಿಡ್ತೀನಿ. ಡಾಕ್ಟ್ರು ನೋಡಿದಾರೆ, ಬರೀ ಉಳುಕು ಅಂದಿದಾರೆ."

"ಎಲ್ಲಿ ನೋಯುತ್ತೆ ಅಂತ ಡಾಕ್ಟ್ರಿಗೆ ನಿಜ ಹೇಳಿದ್ಯಾ?"

ಹುಡುಗ ಚೀಲವನ್ನು ಕೊರಳಿಗೆ ಹಾಕಿಕೊಂಡು ಇಳಿದು ಹೋದ.

ಎಮಿಲ್ ಹ್ಯಾಗನ್‌ನ ಬಳಿ ಹೋದ. ಹ್ಯಾಗನ್ ಕೆಟ್ಟವನಲ್ಲ. ಗೆಲುವನ್ನೇ ಮರೆತಿದ್ದ ಊರೊಂದು ಅವನ ಹೆಗಲ ಮೇಲೆ ಕೂತಿತ್ತು, ಅಷ್ಟೇ.

"ಡೇನ್ ತೋಳು ನೋಯ್ತಿದೆ, ಒಂದೆರಡು ಆಟ ಅವನನ್ನ ಕೂರ್ಸು" ಅಂದ ಎಮಿಲ್.

"ಕೂರ್ಸಿ? ಯಾರನ್ನ ಇಳಿಸ್ಲಿ, ನಿನ್ನನ್ನಾ? ಹೊಟ್ಟೆ ನೋಡ್ಕೊ."

"ವೆಂಡೆಲ್‌ನ ಇಳ್ಸು."

"ವೆಂಡೆಲ್‌ಗೆ ಚೆಂಡು ಯಾವ ಆಕಾರ ಅಂತ ಗೊತ್ತಾ?" ಹ್ಯಾಗನ್ ದನಿ ತಗ್ಗಿಸಿ ಹೇಳಿದ, "ನೋಡು, ನನಗೂ ಮಕ್ಕಳಿದಾರೆ. ಆಡಬಲ್ಲ ಇನ್ನೊಬ್ಬನನ್ನ ತೋರ್ಸು. ಮುಂದಿದ್ದಾಗ ಖಂಡಿತ ಡೇನ್‌ನ ಕೂರಿಸ್ತೀನಿ. ಮಾತು ಕೊಟ್ಟೆ."

ಅಂದು ನಮ್ಮ ಮನೆಗೆ ಬಂದ ಎಮಿಲನ ಮುಖ ನನಗಿನ್ನೂ ನೆನಪಿದೆ. ಲಾಟರಿ ಹೊಡೆದವನ ಹಾಗಿದ್ದ. "ದಾರಿ ಸಿಕ್ತು ಮೇಷ್ಟ್ರೇ" ಅಂದ. "ವೆಂಡೆಲ್‌ನ ನಾನೇ ತಯಾರು ಮಾಡ್ತೀನಿ."

"ನಿನಗೆ ಎಸೆಯೋಕೆ ಎಲ್ಲಿ ಬರುತ್ತೆ?"

"ಎಸೆಯೋದು ಅವನಿಗೆ ಬರುತ್ತೆ. ಅವನಿಗೆ ಬೇಕಾಗಿರೋದು ಚೆಂಡು ಕೊಡೋನು. ನಾನು ಸೆಂಟರ್ ಅಲ್ವಾ?"

ಅಭ್ಯಾಸ ಮುಗಿದು ಊಟಕ್ಕೆ ಹೋಗುವ ಮೊದಲು ಬಸ್ಸಿನ ಗ್ಯಾರೇಜಿನ ಹಿಂದೆ ಅವರಿಬ್ಬರೂ ಸೇರುತ್ತಿದ್ದರು. ಕೆಲವು ಸಂಜೆ ನಾನೂ ಹೋಗಿ ಡಬ್ಬವೊಂದರ ಮೇಲೆ ಕೂತು ನೋಡುತ್ತಿದ್ದೆ. ಮೊಣಕಾಲು ಕಟಕಟ ಅನ್ನಿಸುತ್ತ ಎಮಿಲ್ ಬಗ್ಗುತ್ತಿದ್ದ. ಮೊದಮೊದಲು ವೆಂಡೆಲ್‌ನ ಕೈಯಿಂದ ಚೆಂಡು ಜಾರಿ ಡೀಸೆಲ್ ಕೆಸರಿಗೆ ಬೀಳುತ್ತಿತ್ತು.

"ಏನೋ ಇದು, ಬಿಸಿ ಆಲೂಗಡ್ಡೆನಾ? ಹಿಡಿಯೋ!"

"ನಿಮ್ಮ ಪ್ಯಾಂಟು ಹರೀತು ಸರ್."

"ಹರೀಲಿ. ಗಾಳಿ ಬರುತ್ತೆ. ಇನ್ನೊಂದ್ಸಲ!"

ದಿನ ಹೋದಂತೆ ಚೆಂಡು ಬೀಳುವುದು ನಿಂತಿತು. ಎಮಿಲನ ಕೈಯಿಂದ ವೆಂಡೆಲ್‌ನ ಕೈಗೆ ಅದು ಬೀಗಕ್ಕೆ ಕೀಲಿ ಕೂತ ಹಾಗೆ ಕೂರುತ್ತಿತ್ತು. ಹುಡುಗ ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ವೃತ್ತಕ್ಕೆ ನೇರವಾಗಿ ಹೊಡೆಯತೊಡಗಿದ. ಡೇನ್‌ನ ಶಿಳ್ಳೆ ಇರಲಿಲ್ಲ, ಆದರೆ ಗುರಿ ಇತ್ತು. ಎಮಿಲ್ ಒಂದು ದಿನ ಹ್ಯಾಗನ್‌ನನ್ನೇ ಕರೆತಂದು ತೋರಿಸಿದ. ಹ್ಯಾಗನ್ ಜೇಬಿನಲ್ಲಿ ಕೈಯಿಟ್ಟುಕೊಂಡು ನೋಡಿ, "ಪರವಾಗಿಲ್ಲ" ಅಂದ. ಅವನ ಕಣ್ಣು ಹುಡುಗನ ಮೇಲಿತ್ತು. ಸೆಂಟರ್ ಯಾವ ಕೈಯಲ್ಲಿ ಕೊಡುತ್ತಾನೆ ಎಂದು ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ.

ನದಿಯಾಚೆಯ ಡ್ರೇಕ್ಸ್‌ಬರ್ಗ್‌ನವರೊಂದಿಗೆ ಆಟ ನವೆಂಬರಿನ ಶನಿವಾರ. ಅದನ್ನು ಗೆದ್ದರೆ ನಮ್ಮ ತಂಡ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಆಟದ ಕೊನೆಯ ಕಾಲುಭಾಗ ಶುರುವಾದಾಗ ನಾವು ಮುಂದಿದ್ದೆವು. ಡೇನ್ ಪ್ರತಿ ಸಲ ಎಸೆದ ಮೇಲೂ ತೋಳನ್ನು ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದುದು ನನ್ನ ಗೂಡಿನಿಂದಲೂ ಕಾಣುತ್ತಿತ್ತು. ಎಮಿಲ್ ಹ್ಯಾಗನ್‌ನ ಪಕ್ಕಕ್ಕೆ ಹೋಗಿ ನಿಂತ. ಹ್ಯಾಗನ್ ಅವನನ್ನು ನೋಡಿ, ಗಡಿಯಾರ ನೋಡಿ, ಕೊಟ್ಟ ಮಾತು ಉಳಿಸಿಕೊಂಡ. ಡೇನ್ ಹೊರಗೆ ಬಂದ. ವೆಂಡೆಲ್ ತನ್ನ ಶುಭ್ರವಾದ ಅಂಗಿಯಲ್ಲಿ ಓಡಿ ಒಳಗೆ ಹೋದ. ನಾನು ಮೈಕಿನಲ್ಲಿ ಅವನ ಹೆಸರು ಹೇಳಿದೆ. ಆ ಮೈದಾನದಲ್ಲಿ ಆ ಹೆಸರು ಕೇಳಿಸಿದ್ದು ಅದೇ ಮೊದಲು.

ಬ್ರೂನೊ ಬಗ್ಗಿದ. ಚೆಂಡು ಹಿಂದಕ್ಕೆ ಬಂತು. ವೆಂಡೆಲ್‌ನ ಕೈಗೆ ಬಡಿದು ನೆಲಕ್ಕೆ ಬಿತ್ತು. ಬ್ರೂನೊನೇ ಅದರ ಮೇಲೆ ಮಲಗಿ ಉಳಿಸಿದ. ಎರಡನೆಯ ಸಲವೂ ಬಿತ್ತು. ಈ ಸಲ ಡ್ರೇಕ್ಸ್‌ಬರ್ಗ್‌ನವನೊಬ್ಬ ಎತ್ತಿಕೊಂಡು ಯಾರ ಕೈಗೂ ಸಿಗದೆ ಕೊನೆಯ ಗೆರೆಯವರೆಗೆ ಓಡಿದ. ಅವರು ಮುಂದಾದರು. "ಚೆಂಡು ಕೈಬಿಟ್ಟವನು ಪ್ರೈಸ್" ಎಂದು ನಾನು ಹೇಳಬೇಕಾಗಿತ್ತು, ಹೇಳಿದೆ.

ಕೆಳಗೆ ನಡೆದದ್ದನ್ನು ಎಮಿಲ್ ನನಗೆ ಆಮೇಲೆ ಎಷ್ಟು ಸಲ ಹೇಳಿದ್ದಾನೋ. ವೆಂಡೆಲ್ ಅಳುಮುಖ ಮಾಡಿಕೊಂಡು ಅವನ ಹತ್ತಿರ ಬಂದ.

"ಚೆಂಡು ಉಲ್ಟಾ ಬರ್ತಿದೆ ಸರ್."

"ಉಲ್ಟಾ ಅಂದ್ರೆ ಏನೋ?"

"ನೀವು ಕೊಟ್ರೆ ಈ ಕಡೆಗೆ ತಿರುಗಿ ಬರುತ್ತೆ. ಬ್ರೂನೊದು ಆ ಕಡೆಗೆ ತಿರುಗಿ ಬರುತ್ತೆ. ನಾನು ಕೈ ಇಟ್ಟ ಕಡೆ ಚೆಂಡೇ ಇರಲ್ಲ."

ಎಮಿಲ್ ಅಲ್ಲೇ, ಆ ಗದ್ದಲದಲ್ಲಿ, ಬಗ್ಗಿದ. ಇಲ್ಲದ ಚೆಂಡನ್ನು ಹಿಡಿದು ಹಿಂದಕ್ಕೆ ಕೊಟ್ಟ. ಮೇಲಿನಿಂದ ನಾನು ನೋಡಿ ಇವನಿಗೇನಾಯಿತು ಅಂದುಕೊಂಡೆ. ಅವನು ತನ್ನ ಕೈಯನ್ನು ಕಣ್ಣ ಮುಂದೆ ಹಿಡಿದು ನೋಡಿಕೊಂಡ. ಎಡಗೈ. ಲೂ ಫ್ರಾಂಕೆಟಿ ಒಮ್ಮೆಯೂ ಏನೂ ಹೇಳಿರಲಿಲ್ಲ. ಎಡಗೈಯಿಂದ ಆ ಕಡೆಗೆ ತಿರುಗಿ ಬರುವ ಚೆಂಡೇ ಅವನಿಗೆ ರೂಢಿಯಾಗಿತ್ತು. ಆ ಕೈಯಿಂದ ಚೆಂಡು ತೆಗೆದುಕೊಂಡ ಇನ್ನೊಬ್ಬನೇ ಇರಲಿಲ್ಲ, ವೆಂಡೆಲ್ ಬರುವವರೆಗೆ.

ಎಮಿಲ್ ಹ್ಯಾಗನ್‌ನ ತೋಳು ಹಿಡಿದ. "ತಪ್ಪು ಹುಡುಗನದಲ್ಲ. ನನ್ನ ಕೈದು. ಬ್ರೂನೊ ಜೊತೆ ಐದು ನಿಮಿಷ ಕೊಡು, ಸರಿ ಮಾಡ್ಕೊಳ್ತಾನೆ."

"ಐದು ನಿಮಿಷ ಎಲ್ಲಿಂದ ತರ್ಲಿ ಎಮಿಲ್? ಗಡಿಯಾರ ನೋಡು! ಮಾತು ಕೊಟ್ಟಿದ್ದೆ, ಉಳಿಸ್ಕೊಂಡೆ."

"ಹ್ಯಾಗನ್, ಅವನ ತೋಳು..."

ಅಷ್ಟರಲ್ಲಿ ಮೈದಾನದ ಸುತ್ತ ಕೂಗು ಎದ್ದಿತ್ತು. ಡೇನ್, ಡೇನ್, ಡೇನ್. ಅಜ್ಜಿಯರು, ಕ್ಷೌರದವನು, ಪಾದ್ರಿ. ವೆಂಡೆಲ್‌ನ ಅಪ್ಪನೂ ಎದ್ದು ನಿಂತು ಅದೇ ಹೆಸರನ್ನು ಕೂಗುತ್ತಿದ್ದ. ಡೇನ್ ಆಗಲೇ ಶಿರಸ್ತ್ರಾಣ ಹಾಕಿಕೊಂಡಿದ್ದ. ಎಮಿಲ್ ಅವನ ದಾರಿಗೆ ಅಡ್ಡ ನಿಂತ. "ಬೇಡ ಕಣೋ" ಅಂದ.

"ಸರಿಯಿರಿ ಸರ್" ಅಂದ ಡೇನ್, ಸಿಟ್ಟಿನಿಂದಲ್ಲ. ಬಸ್ಸಿನಲ್ಲಿ ಇಳಿಯುವಾಗ ದಾರಿ ಕೇಳುವ ಹಾಗೆ.

ಅವನು ಎಸೆದದ್ದು ಒಂದೇ ಚೆಂಡು. ಅಷ್ಟು ದೂರ ಹೋದ ಚೆಂಡನ್ನು ನಾನು ಅದಕ್ಕೆ ಮೊದಲೂ ಆಮೇಲೂ ನೋಡಿಲ್ಲ. ನಮ್ಮವನು ಕೊನೆಯ ಗೆರೆಯ ಮೇಲೆ ಅದನ್ನು ಹಿಡಿದ. ಜನ ಒಬ್ಬರ ಮೇಲೊಬ್ಬರು ಬಿದ್ದರು, ಯಾರೋ ಗಂಟೆ ಬಾರಿಸಿದರು. ಎಲ್ಲರ ಕಣ್ಣೂ ಚೆಂಡಿನ ಹಿಂದೆ ಹೋಗಿತ್ತು. ಎಮಿಲ್ ಒಬ್ಬ ಮಾತ್ರ ಈ ತುದಿಯನ್ನೇ ನೋಡುತ್ತಿದ್ದ. ಇಲ್ಲಿ ಡೇನ್ ಮಂಡಿಯೂರಿ ಕೂತಿದ್ದ. ಅವನ ಬಲತೋಳು ಬೇರೆ ಯಾರದೋ ಎಂಬಂತೆ ಪಕ್ಕದಲ್ಲಿ ಜೋತುಬಿದ್ದಿತ್ತು.

ಶಸ್ತ್ರಚಿಕಿತ್ಸೆ ಆಯಿತು, ಇನ್ನೊಂದೂ ಆಯಿತು. ತೋಳು ಹೆಗಲಿನ ಮಟ್ಟಕ್ಕೆ ಮತ್ತೆ ಏಳಲಿಲ್ಲ. ಬೇಲಿಯ ಹೊರಗೆ ನಿಲ್ಲುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಅವನಿಲ್ಲದ ತಂಡ ಮುಂದಿನ ಸುತ್ತಿನಲ್ಲಿ ಸೋತಿತು. ಊರು ಯಾರನ್ನೂ ಬೈಯಲಿಲ್ಲ, ಹಣೆಬರಹ ಅಂದಿತು. ಮುಂದಿನ ವರ್ಷ ಹ್ಯಾಗನ್‌ಗೆ ಇನ್ನೊಬ್ಬ ಹುಡುಗ ಸಿಕ್ಕ, ಅಜ್ಜಿಯರು ಅವನ ತೋಳು ತಟ್ಟತೊಡಗಿದರು.

ಎಮಿಲ್ ಆಸ್ಪತ್ರೆಗೆ ಹೋಗಿ ಡೇನ್‌ಗೆ ಎಲ್ಲ ಹೇಳಿದ. ಕನ್ಯಾಸ್ತ್ರೀಯರು, ಅಳತೆಪಟ್ಟಿ, ಎಡಗೈ, ಗ್ಯಾರೇಜು. ಡೇನ್ ಕೇಳಿಸಿಕೊಂಡು, "ಹಾಗಾದ್ರೆ ಆ ಸಿಸ್ಟರ್‌ಗಳ ಮೇಲೆ ಕೇಸ್ ಹಾಕೋಣ ಬಿಡಿ ಸರ್" ಅಂದ. ಅವನೇ ನಕ್ಕ. ಎಮಿಲ್‌ಗೆ ನಗು ಬರಲಿಲ್ಲ. ಮೈದಾನಕ್ಕೆ ಹೋಗುವುದನ್ನು ಅಂದೇ ಬಿಟ್ಟ. ಬಸ್ಸಿನ ಕೆಲಸ ಬಿಡಲಿಲ್ಲ. ನಿವೃತ್ತಿಯವರೆಗೂ ಓಡಿಸಿದ, ಮಕ್ಕಳು ಹತ್ತುವಾಗ ಕಂಬಿಯ ಮೇಲಿನ ಕೈಗಳನ್ನೇ ನೋಡುತ್ತಿದ್ದ. ಅನುಮಾನ ಬಂದರೆ ಮನೆಗೆ ಹೋಗಿ ತಾಯಂದಿರಿಗೆ ಹೇಳುತ್ತಿದ್ದ. ಕೆಲವರು ಕೇಳಿದರು. ಹೆಚ್ಚಿನವರು, "ಏನೂ ಇಲ್ಲ ಎಮಿಲ್, ಡಾಕ್ಟ್ರು ನೋಡಿದಾರೆ" ಎಂದು ಕಾಫಿ ಕೊಟ್ಟು ಕಳಿಸಿದರು.

ಡೇನ್ ಊರಲ್ಲೇ ಉಳಿದ. ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಾನೆ, ಒಂದೇ ಕೈಯಲ್ಲಿ ಚಕ್ರ ತಿರುಗಿಸಿ. ಎಮಿಲನ ಬೀದಿಯನ್ನು ಯಾವಾಗಲೂ ಮೊದಲು ಬಿಡಿಸುತ್ತಿದ್ದ. ಬೆಳಿಗ್ಗೆ ಆ ಲಾರಿಯ ಸದ್ದು ಕೇಳಿದರೆ ಎಮಿಲ್ ಕಿಟಕಿಯ ಪರದೆ ಸರಿಸಿ ಕೈ ಎತ್ತುತ್ತಿದ್ದ ಎಂದು ಐರೀನ್ ಹೇಳುತ್ತಾಳೆ.

ಕಳೆದ ಬೇಸಿಗೆಯಲ್ಲಿ ಎಮಿಲನ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಮೈಯ ಬಲಭಾಗವೆಲ್ಲ ಸ್ವಾಧೀನ ತಪ್ಪಿತು. ನಾನು ನೋಡಲು ಹೋದಾಗ ಅವನು ಎಡಗೈಯಲ್ಲಿ ಚಮಚ ಹಿಡಿದು ಸೂಪು ಕುಡಿಯುತ್ತಿದ್ದ. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಐರೀನ್ ತಮಾಷೆ ಮಾಡಲು ನೋಡಿದಳು. "ಸಿಸ್ಟರ್ ನೋಡಿದ್ರೆ ಗತಿ ಏನು ರೀ?"

ಎಮಿಲ್ ಚಮಚ ಕೆಳಗಿಟ್ಟು ಕೈಯನ್ನು ಹೊದಿಕೆಯ ಮೇಲೆ ಬಿಡಿಸಿಟ್ಟ. ಮಾತು ತೊದಲುತ್ತಿತ್ತು. "ಇದು ಇಲ್ಲೇ ಇತ್ತು ಮೇಷ್ಟ್ರೇ" ಅಂದ. "ಎಲ್ಲೂ ಹೋಗಿರ್ಲಿಲ್ಲ. ಒಂದ್ಸಲ ನೋಡ್ಕೊಂಡಿದ್ರೆ ಸಾಕಾಗಿತ್ತು."

ನಾನು ಆ ಕೈಯನ್ನು ಹಿಡಿದುಕೊಂಡು ಕೂತಿದ್ದೆ. ನವೆಂಬರಿನಲ್ಲಿ ಅವನು ಹೋದ.

ಮಣ್ಣು ಮಾಡಿದ್ದು ಶನಿವಾರ. ಶವಪೆಟ್ಟಿಗೆ ಹೊರಲು ಐರೀನ್ ಕರೆದವರಲ್ಲಿ ಡೇನ್ ಇದ್ದ. ದೂರದ ಊರಿನಿಂದ ಬಂದ ವೆಂಡೆಲ್ ಕೂಡ ಇದ್ದ. ತಲೆ ಅರ್ಧ ನರೆತಿತ್ತು. ಅಂತ್ಯಕ್ರಿಯೆ ನಡೆಸಿಕೊಡುವವನು ಡೇನ್‌ನನ್ನು ಬಲಗೈಯಲ್ಲಿ ಹಿಡಿಯಬೇಕಾದ ಬದಿಗೆ ನಿಲ್ಲಿಸಿದ.

"ಈ ಕಡೆ ಆಗಲ್ಲ" ಅಂದ ಡೇನ್, ಮೆಲ್ಲಗೆ.

ಅಂತ್ಯಕ್ರಿಯೆಯವನಿಗೆ ಅರ್ಥವಾಗಲಿಲ್ಲ. ಆಚೆ ಬದಿಯಲ್ಲಿದ್ದ ವೆಂಡೆಲ್ ಸುತ್ತಿ ಬಂದು ಅವನ ಜಾಗದಲ್ಲಿ ನಿಂತ. ಡೇನ್ ಅವನ ಜಾಗಕ್ಕೆ ಹೋಗಿ ಎಡಗೈಯಲ್ಲಿ ಪೆಟ್ಟಿಗೆಯ ಹಿಡಿಕೆ ಹಿಡಿದ. ಎತ್ತಿದರು.

ನಮ್ಮ ಸ್ಮಶಾನ ಗುಡ್ಡದ ಮೇಲೆ, ಮೈದಾನ ಅದರ ಬುಡದಲ್ಲಿ. ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದಾಗ ಕೆಳಗಿನಿಂದ ಧ್ವನಿವರ್ಧಕ ಕೇಳುತ್ತಿತ್ತು. ನನ್ನ ಗೂಡಿನಲ್ಲಿ ಈಗ ಬೇರೆಯವನು ಕೂರುತ್ತಾನೆ. ಅವನು ಒಂದೇ ಹೆಸರನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಎಸೆದವನು ಅವನೇ, ಓಡಿದವನೂ ಅವನೇ. ಜನ ಆ ಹೆಸರನ್ನು ಕೂಗುತ್ತಿದ್ದರು. ಐರೀನ್ ಮಣ್ಣು ಹಾಕಿದಳು, ನಾನು ಹಾಕಿದೆ.

ಡೇನ್ ಗುಡ್ಡದ ಅಂಚಿಗೆ ಹೋಗಿ ಕೆಳಗೆ ನೋಡುತ್ತ ನಿಂತಿದ್ದ. ನಾನು ಪಕ್ಕಕ್ಕೆ ಹೋದೆ.

"ಆ ಎಸೆಯೋ ಹುಡುಗ ಯಾರ ಬಸ್ಸಲ್ಲಿ ಬರ್ತಾನೆ ಮೇಷ್ಟ್ರೇ?" ಅಂದ.

"ಈಗ ಅವರೆಲ್ಲ ಅವರವರ ಕಾರಲ್ಲೇ ಬರ್ತಾರೆ ಡೇನ್" ಅಂದೆ.